ಸ್ಟೆಪ್ನಿ: ದಾರಿಬದಿಯಲ್ಲಿ ಗಾಲಿ ಬಿಚ್ಚಿದವರ ಚರಿತ್ರೆ

ಹೊರನಾಡಿನಲ್ಲಿ ನೆಲೆಸಿರುವ ನಮಗೆ, ತರ್ಜುಮೆಯ ಹಂಗಿಲ್ಲದೆ ಎಲ್ಲ ಊರುಗಳಲ್ಲಿಯೂ ಚಲಾವಣೆಯಾಗುವ ಪದಗಳು ಕೆಲವೇ ಕೆಲವು. ಅವುಗಳಲ್ಲಿ ‘ಸ್ಟೆಪ್ನಿ’ ಒಂದು. ಪುಣೆಯ ಮರಾಠಿ ಮೆಕ್ಯಾನಿಕ್ಕಿಗೂ, ಚೆನ್ನೈಯ ತಮಿಳು ಚಾಲಕನಿಗೂ, ಹೈದರಾಬಾದು ಮತ್ತು ದೆಹಲಿಯ ಟ್ಯಾಕ್ಸಿಯವರಿಗೂ ಈ ಪದಕ್ಕೆ ಒಂದೇ ಅರ್ಥ: ಆಪತ್ತಿಗೆಂದು ವಾಹನದಲ್ಲಿ ಇರಿಸಿಕೊಂಡ ಹೆಚ್ಚುವರಿ ಗಾಲಿ. ಇದೇ ಪದವನ್ನು ಇಂದಿನ ಲಂಡನ್ನಿನವರ ಮುಂದೆ ಆಡಿದರೆ ಅವರಿಗೆ ತಮ್ಮ ನಗರದ ಪೂರ್ವಭಾಗದ ಒಂದು ಬಡಾವಣೆ ನೆನಪಾದೀತೇ ಹೊರತು ಗಾಲಿಯಲ್ಲ. ಹುಟ್ಟಿದ ನಾಡಿನಲ್ಲಿ ಬಹುಮಟ್ಟಿಗೆ ಮರೆತುಹೋದ ಈ ಪದ ನಮ್ಮ ಭಾಷೆಗಳಲ್ಲಿ ನೂರು ವರ್ಷ ಮೀರಿ ಬಾಳಿದೆ.

ಟೈರಿನ ಚರಿತ್ರೆಯನ್ನು ಸಾಮಾನ್ಯವಾಗಿ ರಬ್ಬರಿನ ಚರಿತ್ರೆಯೆಂದೋ ದೊಡ್ಡ ಕಂಪನಿಗಳ ಚರಿತ್ರೆಯೆಂದೋ ಬರೆಯುವುದುಂಟು. ಇಲ್ಲಿ ನಾವು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಗಾಳಿ ಹೋದ ಟೈರನ್ನು ದಾರಿಯ ಮಧ್ಯದಲ್ಲಿಯೇ, ಕೈಯಲ್ಲಿರುವ ಉಪಕರಣಗಳಿಂದಲೇ, ಪ್ರಯಾಣಿಕನೇ ಬದಲಾಯಿಸಬಲ್ಲ ಶಕ್ತಿ ಯಾವಾಗ ಹುಟ್ಟಿತು? ಅದು ಯಾರ ಕೈಗೆ ಬಂತು? ಈಗ ಯಾರ ಕೈಯಿಂದ ಜಾರುತ್ತಿದೆ?

ಗಾಳಿಯ ಟೈರಿಗೆ ಮುಂಚೆ ಗಾಲಿಯ ಹೊರಸುತ್ತಿಗೆ ಇದ್ದದ್ದು ಕಬ್ಬಿಣದ ಪಟ್ಟಿ. ನಮ್ಮ ಎತ್ತಿನ ಬಂಡಿಗೆ ಪಟ್ಟಿ ಕಟ್ಟುವ ಕ್ರಮವನ್ನು ಹಳ್ಳಿಗಳಲ್ಲಿ ಬೆಳೆದ ಹಿರಿಯರು ಕಂಡಿರುತ್ತಾರೆ. ಗಾಲಿಯ ಸುತ್ತಳತೆಗಿಂತ ತುಸು ಕಿರಿದಾದ ಕಬ್ಬಿಣದ ಬಳೆಯನ್ನು ಕಮ್ಮಾರನು ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾನೆ. ಹಿಗ್ಗಿದ ಬಳೆಯನ್ನು ನಾಲ್ಕಾರು ಜನ ಇಕ್ಕುಳಗಳಲ್ಲಿ ಹಿಡಿದು ಗಾಲಿಯ ಮೇಲೆ ಕೂರಿಸಿ, ಬಡಿದು, ತಡಮಾಡದೆ ನೀರು ಹೊಯ್ಯುತ್ತಾರೆ. ತಣಿದು ಕುಗ್ಗಿದ ಕಬ್ಬಿಣವು ಮರದ ತುಂಡುಗಳನ್ನೂ ಅರೆಕಾಲುಗಳನ್ನೂ ಗುಂಬದತ್ತ ಬಿಗಿದು ಹಿಡಿಯುತ್ತದೆ. ಇದು ವರ್ಷಗಟ್ಟಲೆ ಬಾಳುವ ವ್ಯವಸ್ಥೆ. ಆದರೆ ಪಟ್ಟಿ ಸಡಿಲವಾದರೆ ಬೆಂಕಿ, ನೀರು, ಕುಶಲಿ, ಕೈಯಾಳುಗಳು ಎಲ್ಲರೂ ಒಂದೆಡೆ ಸೇರಬೇಕು. ಬಂಡಿಯವನು ಕಡಾಣಿ ಕಿತ್ತು ಗಾಲಿಯನ್ನು ಹೊರತೆಗೆಯಬಲ್ಲ, ಅಚ್ಚಿಗೆ ಎಣ್ಣೆ ಹಾಕಬಲ್ಲ. ಪಟ್ಟಿಯನ್ನು ಮಾತ್ರ ಅವನು ದಾರಿಯಲ್ಲಿ ಬದಲಾಯಿಸಲಾರ.

ಗಾಳಿ ತುಂಬಿದ ಗಾಲಿಯ ಕಲ್ಪನೆ ಮೊದಲು ಮೂಡಿದ್ದು ಸ್ಕಾಟ್ಲೆಂಡಿನ ಎಂಜಿನಿಯರ್ ರಾಬರ್ಟ್ ವಿಲಿಯಂ ಥಾಮ್ಸನ್ನನಿಗೆ. 1845ರಲ್ಲಿ ಅವನು ಅದಕ್ಕೆ ಪೇಟೆಂಟ್ ಪಡೆದ. ರಬ್ಬರು ಬಳಿದ ಬಟ್ಟೆಯ ಕೊಳವೆ, ಅದರ ಮೇಲೆ ಚರ್ಮದ ಹೊದಿಕೆ: ಕುದುರೆಗಾಡಿಗಳಿಗೆಂದು ಮಾಡಿದ ಈ ಗಾಲಿ ಸದ್ದಿಲ್ಲದೆ, ಹಗುರವಾಗಿ ಉರುಳಿತು. ಆದರೂ ಅದು ವ್ಯಾಪಾರವಾಗಿ ಬೆಳೆಯಲಿಲ್ಲ. ಅದನ್ನು ಮರಳಿ ಕಂಡುಕೊಂಡವನು ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್ಲಪ್. ಮಗನ ಮೂರುಗಾಲಿಯ ಸೈಕಲ್ಲಿಗೆ ಅವನು ಗಾಳಿಯ ಕೊಳವೆಯನ್ನು ಅಳವಡಿಸಿ 1888ರಲ್ಲಿ ಪೇಟೆಂಟ್ ಪಡೆದ. ಮರುವರ್ಷವೇ ಬೆಲ್‌ಫಾಸ್ಟಿನ ಸೈಕಲ್ ಪಂದ್ಯಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರನು ಆ ಟೈರುಗಳ ಮೇಲೆ ಗೆದ್ದ. ಥಾಮ್ಸನ್ನನ ಹಳೆಯ ಪೇಟೆಂಟ್ ಬೆಳಕಿಗೆ ಬಂದಾಗ ಡನ್ಲಪ್‌ನ ಹಕ್ಕು ಬಿದ್ದುಹೋಯಿತು. ಆದರೆ ಅಷ್ಟು ಹೊತ್ತಿಗೆ ಲೋಕಕ್ಕೆ ಗಾಳಿಯ ರುಚಿ ಹತ್ತಿತ್ತು.

ಇಲ್ಲಿಯವರೆಗಿನ ಕತೆ ಶಾಲೆಯ ಪುಸ್ತಕಗಳಲ್ಲಿಯೂ ಸಿಗುತ್ತದೆ. ಅಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿಯೆಂದರೆ, ಡನ್ಲಪ್‌ನ ಮೊದಲ ಟೈರು ಗಾಲಿಗೆ ಅಂಟಿಕೊಂಡೇ ಇತ್ತು. ಕ್ಯಾನ್ವಾಸು ಸುತ್ತಿ, ರಬ್ಬರಿನ ಅಂಟಿನಿಂದ ಅದನ್ನು ರಿಮ್ಮಿಗೆ ಬಂಧಿಸಲಾಗುತ್ತಿತ್ತು. ಮುಳ್ಳು ಚುಚ್ಚಿದರೆ ಎಲ್ಲವನ್ನೂ ಕಿತ್ತು, ತೂತು ಹುಡುಕಿ, ಮುಚ್ಚಿ, ಮತ್ತೆ ಅಂಟಿಸಿ ಒಣಗಿಸಬೇಕು. ಕಬ್ಬಿಣದ ಪಟ್ಟಿಗೆ ಮುಳ್ಳಿನ ಭಯವೇ ಇರಲಿಲ್ಲ; ಗಾಳಿಯ ಟೈರಿಗೆ ಹೆಜ್ಜೆಹೆಜ್ಜೆಗೂ ಆ ಭಯ. ಹೀಗೆ ದಿನಕ್ಕೊಮ್ಮೆ ಕೆಡಬಹುದಾದ ವಸ್ತುವನ್ನು ರಿಪೇರಿ ಮಾಡಲು ಒಂದು ದಿನ ಬೇಕಾದರೆ ಅದರಿಂದ ಪ್ರಯೋಜನವೇನು?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ಎಂಬ ಊರಿನಲ್ಲಿ. ರಬ್ಬರಿನ ಸಾಮಾನು ತಯಾರಿಸುತ್ತಿದ್ದ ಮಿಶೆಲಿನ್ ಸಹೋದರರ ಕಾರ್ಖಾನೆಗೆ 1889ರಲ್ಲಿ ಒಬ್ಬ ಸೈಕಲ್ ಸವಾರ ತೂತಾದ ಡನ್ಲಪ್ ಟೈರಿನೊಡನೆ ಬಂದನೆಂದು ಆ ಕಂಪನಿಯ ಚರಿತ್ರೆ ಹೇಳುತ್ತದೆ. ಬಿಚ್ಚಿ ಅಂಟಿಸುವುದಕ್ಕೆ ಮೂರು ಗಂಟೆ ಹಿಡಿಯಿತು, ಒಣಗಲು ರಾತ್ರಿಯಿಡೀ ಬಿಡಬೇಕಾಯಿತು. ಬೆಳಿಗ್ಗೆ ಎದ್ವಾರ್ ಮಿಶೆಲಿನ್ ಆ ಸೈಕಲ್ಲನ್ನು ತಾನೇ ಹತ್ತಿ ನೋಡಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಟೈರು ಮತ್ತೆ ಗಾಳಿ ಬಿಟ್ಟಿತು. ಆದರೆ ಆ ಸ್ವಲ್ಪ ದೂರದ ಸವಾರಿಯ ಸುಖ ಅವನಿಗೆ ಮನದಟ್ಟಾಗಿತ್ತು. ಗಾಳಿಯ ಮೇಲೆ ಓಡುವುದೇ ಮುಂದಿನ ದಾರಿ. ಆದರೆ ರಿಪೇರಿಗೆ ಕುಶಲಿಯೂ ಬೇಡ, ರಾತ್ರಿಯೂ ಬೇಡ ಎಂಬಂತಾಗಬೇಕು. 1891ರಲ್ಲಿ ಸಹೋದರರು ಬಿಚ್ಚಿ ಕೂಡಿಸಬಹುದಾದ ಟೈರಿಗೆ ಪೇಟೆಂಟ್ ಪಡೆದರು. ಹದಿನೈದು ನಿಮಿಷಗಳಲ್ಲಿ ಸವಾರನೇ ಟ್ಯೂಬು ಬದಲಾಯಿಸಬಹುದೆಂಬುದು ಅದರ ಹಿರಿಮೆ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟಿಗೆ ಹೋಗಿ ಮರಳುವ, ಸುಮಾರು 1,200 ಕಿಲೋಮೀಟರಿನ ಸೈಕಲ್ ಪಂದ್ಯ ನಡೆಯಿತು. ಮಿಶೆಲಿನ್ ಟೈರಿನ ಮೇಲೆ ಓಡಿದ ಶಾರ್ಲ್ ತೆರೋಂ ಮೂರು ದಿನ ತುಂಬುವುದರೊಳಗೆ ಮರಳಿ ಬಂದು, ಎರಡನೆಯವನಿಗಿಂತ ಹಲವು ಗಂಟೆ ಮುಂಚೆ ಗುರಿ ಮುಟ್ಟಿದ. ಅವನ ಟೈರೂ ದಾರಿಯಲ್ಲಿ ಕೆಟ್ಟಿತ್ತು. ಕೆಟ್ಟದ್ದನ್ನು ಬೇಗ ಸರಿಮಾಡಿ ಮುಂದುವರಿಯಲು ಸಾಧ್ಯವಾಯಿತೆಂಬುದೇ ಆ ಗೆಲುವಿನ ಗುಟ್ಟು. ಮರುವರ್ಷ ಪ್ಯಾರಿಸ್‌ನಿಂದ ತಮ್ಮ ಊರಿನವರೆಗೆ ಪಂದ್ಯವೊಂದನ್ನು ಏರ್ಪಡಿಸಿದ ಮಿಶೆಲಿನ್ ಸಹೋದರರು ದಾರಿಯಲ್ಲಿ ಬೇಕೆಂದೇ ಮೊಳೆ ಚೆಲ್ಲಿಸಿದರು. ಪಂಕ್ಚರ್ ಇನ್ನು ಅನಾಹುತವಲ್ಲ, ಒಂದು ಸಣ್ಣ ಅಡಚಣೆ ಮಾತ್ರ ಎಂದು ಜನರಿಗೆ ತೋರಿಸುವುದು ಅವರ ಉದ್ದೇಶವಾಗಿತ್ತು. ಗಾಳಿಯ ಟೈರನ್ನು ನಿತ್ಯದ ಬಳಕೆಗೆ ತಂದದ್ದು ಗಾಳಿಯಲ್ಲ, ಅದನ್ನು ಬಿಚ್ಚಬಹುದೆಂಬ ಸೌಕರ್ಯ ಎಂದು ನಾವು ಹೇಳುವುದು ಈ ಕಾರಣದಿಂದ.

ಬಿಚ್ಚುವ ಬಗೆಗಳಲ್ಲಿ ಕೊನೆಗೆ ನಿಂತದ್ದು ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬ ಇಂಗ್ಲಿಷ್ ಗೃಹಸ್ಥನ ಉಪಾಯ. ಅವನ ಪೇಟೆಂಟ್ 1890ರದು. ಇಂದು ನಮ್ಮ ಸೈಕಲ್ಲು, ಮೋಟಾರ್ ಸೈಕಲ್ಲು, ಕಾರು ಎಲ್ಲವೂ ಆ ತತ್ತ್ವದ ಮೇಲೆಯೇ ನಿಂತಿರುವುದರಿಂದ ಅದನ್ನು ತುಸು ವಿವರವಾಗಿ ನೋಡುವುದು ಉಚಿತ. ಟೈರಿನ ಎರಡೂ ಅಂಚುಗಳ ಒಳಗೆ ಹಿಗ್ಗದ ಉಕ್ಕಿನ ತಂತಿಯ ಬಳೆಯಿದೆ. ರಿಮ್ಮಿನ ಅಂಚಿನ ಸುತ್ತಳತೆ ಆ ತಂತಿಯ ಸುತ್ತಳತೆಗಿಂತ ದೊಡ್ಡದು; ಆದ್ದರಿಂದಲೇ ಗಾಳಿ ತುಂಬಿದಾಗ ಟೈರು ಹೊರಬೀಳುವುದಿಲ್ಲ. ಹಾಗಾದರೆ ಹಿಗ್ಗದ ತಂತಿ ತನಗಿಂತ ದೊಡ್ಡ ಅಂಚನ್ನು ದಾಟುವುದು ಹೇಗೆ? ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದೆ. ಗಾಳಿ ತೆಗೆದು, ಟೈರಿನ ಒಂದು ಪಕ್ಕವನ್ನು ಆ ತಗ್ಗಿಗೆ ಇಳಿಸಿದರೆ ಎದುರು ಪಕ್ಕದಲ್ಲಿ ಅಷ್ಟೇ ಸಡಿಲ ದೊರೆಯುತ್ತದೆ. ಆ ಸಡಿಲದಲ್ಲಿ ಲಿವರ್ ತೂರಿಸಿ ಎತ್ತಿದರೆ ಅಂಚು ಹೊರಬರುತ್ತದೆ.

ಪಂಕ್ಚರ್ ಅಂಗಡಿಯ ಹುಡುಗ ಟೈರಿನ ಒಂದು ಬದಿಯನ್ನು ಪಾದದಿಂದ ಒತ್ತಿ ನಿಂತು, ಇನ್ನೊಂದು ಬದಿಗೆ ಲಿವರ್ ಹಾಕುವುದನ್ನು ನಾವೆಲ್ಲ ಕಂಡಿದ್ದೇವೆ. ಅವನ ಪಾದದ ಕೆಳಗೆ ನಡೆಯುತ್ತಿರುವುದು ವೆಲ್ಚನ ರೇಖಾಗಣಿತ. ಅನುಭವಿಗಳು ಬಿಚ್ಚುವಾಗ ವಾಲ್ವಿನ ಬಳಿ ಶುರುಮಾಡಿ, ತೊಡಿಸುವಾಗ ವಾಲ್ವಿನ ಬಳಿಯೇ ಮುಗಿಸುತ್ತಾರೆ. ವಾಲ್ವಿನ ಬುಡ ತಗ್ಗನ್ನು ಅಡ್ಡಗಟ್ಟುವುದರಿಂದ ಅಲ್ಲಿ ಅಂಚು ಒಳಗಿಳಿಯದು, ಸಡಿಲ ಬೇಕಾದರೆ ಅದರ ಎದುರು ಪಕ್ಕವೇ ಇಳಿಯಬೇಕು. ಈ ಗುಟ್ಟು ಅರಿಯದವರು ಬಲವನ್ನೆಲ್ಲ ಲಿವರಿಗೆ ಹಾಕಿ ಟ್ಯೂಬನ್ನು ಕಚ್ಚಿಸುತ್ತಾರೆ, ಒಂದು ತೂತು ಮುಚ್ಚಲು ಹೋಗಿ ಎರಡು ಮಾಡುತ್ತಾರೆ.

ಸೈಕಲ್ಲಿಗೆ ಒಗ್ಗಿದ ಟೈರು ಮೋಟಾರಿಗೆ ಅಷ್ಟು ಸುಲಭವಾಗಿ ಒಗ್ಗಲಿಲ್ಲ. 1895ರ ಪ್ಯಾರಿಸ್–ಬೋರ್ದೋ–ಪ್ಯಾರಿಸ್ ಪಂದ್ಯದಲ್ಲಿ ಮಿಶೆಲಿನ್ ಸಹೋದರರು ಗಾಳಿಯ ಟೈರು ತೊಡಿಸಿದ ಕಾರನ್ನು ತಾವೇ ಓಡಿಸಿದರು. ಗಟ್ಟಿ ರಬ್ಬರಿನ ಗಾಲಿಗಳ ಮೇಲೆ ಎಮಿಲ್ ಲೆವಾಸೋರ್ 49 ಗಂಟೆಗಳೊಳಗೆ ಮರಳಿ ಬಂದರೆ, ಸಹೋದರರು ಪಂಕ್ಚರಿನ ಮೇಲೆ ಪಂಕ್ಚರು ತಿದ್ದುತ್ತಾ ಗಡುವು ಮೀರಿ ತಲುಪಿದರು. ಆದರೂ ಕೆಲವೇ ವರ್ಷಗಳಲ್ಲಿ ಕಾರುಗಳೆಲ್ಲ ಗಾಳಿಗೆ ತಿರುಗಿದವು. ತೊಡಕು ಉಳಿದದ್ದು ಇನ್ನೊಂದು ಕಡೆ. ಆ ಕಾಲದ ಕಾರಿನ ಗಾಲಿ ಕಳಚಿ ಬೇರೊಂದನ್ನು ಹಾಕುವಂಥದ್ದಾಗಿರಲಿಲ್ಲ. ಗಾಲಿ ಅಚ್ಚಿನ ಮೇಲೆಯೇ ಇರುವಾಗ, ದಪ್ಪ ಅಂಚಿನ ಬಿಗಿ ಟೈರನ್ನು ರಿಮ್ಮಿನ ಕೊಕ್ಕೆಯಿಂದ ಉದ್ದನೆಯ ಲಿವರುಗಳಲ್ಲಿ ಮೀಟಿ ತೆಗೆದು, ಟ್ಯೂಬು ಬದಲಿಸಿ, ಮತ್ತೆ ಕೂರಿಸಿ, ಕೈಪಂಪಿನಿಂದ ಗಾಳಿ ಹೊಡೆಯಬೇಕಿತ್ತು. 1908ರಲ್ಲಿ ಬಂದ ಜನಸಾಮಾನ್ಯರ ಕಾರು ಫೋರ್ಡ್ ಮಾಡೆಲ್ ಟಿಗೂ ಮೊದಲ ಹತ್ತು ವರ್ಷ ಇದೇ ಪಾಡು. ರಿಮ್ಮು ಕಳಚುವ ಸೌಕರ್ಯ ಅದರಲ್ಲಿ ದೊರೆತದ್ದು 1919ರಲ್ಲಿ.

‘ಸ್ಟೆಪ್ನಿ’ ಹುಟ್ಟಿದ್ದು ಈ ಪಾಡಿನ ನಡುವೆ. ವೇಲ್ಸಿನ ಲಾನೆಲಿ ಎಂಬ ಊರಿನಲ್ಲಿ ಥಾಮಸ್ ಮಾರಿಸ್ ಡೇವಿಸ್ ಮತ್ತು ವಾಲ್ಟರ್ ಡೇವಿಸ್ ಎಂಬ ಸಹೋದರರು 1904ರಲ್ಲಿ ಒಂದು ಸರಳ ಸಾಧನವನ್ನು ರೂಪಿಸಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಹೆಸರು ಬಂದದ್ದು ಅಲ್ಲಿಂದ. ಅದು ನಾವಿಂದು ತಿಳಿದಿರುವಂಥ ಪೂರ್ಣ ಗಾಲಿಯಲ್ಲ. ಅರೆಕಾಲುಗಳಿಲ್ಲದ ಬರಿಯ ರಿಮ್ಮು, ಅದರ ಮೇಲೆ ಮೊದಲೇ ಗಾಳಿ ತುಂಬಿಸಿಟ್ಟ ಟೈರು. ಪಂಕ್ಚರಾದಾಗ ಕೆಟ್ಟ ಗಾಲಿಯನ್ನು ಮುಟ್ಟದೆ, ಈ ಬಳೆಯನ್ನು ಅದರ ಪಕ್ಕಕ್ಕೆ ಕೊಕ್ಕೆಗಳಿಂದ ಸಿಕ್ಕಿಸಿ, ತಿರುಪುಗಳಿಂದ ಬಿಗಿದು ಮುಂದಿನ ಊರಿನವರೆಗೆ ಸಾಗಬಹುದು. ಲಿವರು, ಅಂಟು, ಪಂಪು ಯಾವುದೂ ಬೇಡ. ಅದು ಬ್ರಿಟಿಷ್ ಸಾಮ್ರಾಜ್ಯದುದ್ದಕ್ಕೂ ಮಾರಾಟವಾಯಿತು. ಕೆಲವು ವರ್ಷಗಳ ನಂತರ ಇಡೀ ಗಾಲಿಯನ್ನೇ ನಟ್ಟು ಬಿಚ್ಚಿ ಬದಲಿಸುವ ಪದ್ಧತಿ ಬಂದು ಆ ಸಾಧನ ಮೂಲೆಗೆ ಬಿತ್ತು. ಹೆಸರು ಮಾತ್ರ ಹೊಸ ಗಾಲಿಯ ಮೇಲೆ ಹತ್ತಿ ಕುಳಿತಿತು: ಭಾರತದಲ್ಲಿ, ಬಾಂಗ್ಲಾದೇಶದಲ್ಲಿ, ಮಾಲ್ಟಾದಲ್ಲಿ, ಬ್ರೆಜಿಲ್ಲಿನವರ ಪೋರ್ಚುಗೀಸಿನಲ್ಲಿ ಅದು ‘ಎಸ್ತೆಪಿ’ಯಾಗಿ ಉಳಿಯಿತು.

ಬದಲಾಯಿಸುವ ವೇಗಕ್ಕೆ ಎಷ್ಟು ಬೆಲೆಯಿದೆಯೆಂಬುದನ್ನು ಲೋಕಕ್ಕೆ ತೋರಿಸಿದ್ದು 1906ರ ಜೂನಿನಲ್ಲಿ ಲೆ ಮಾನ್ ಬಳಿ ನಡೆದ ಫ್ರಾನ್ಸಿನ ಮೊದಲ ಗ್ರ್ಯಾನ್ ಪ್ರೀ. ಎರಡು ದಿನ, 1,200 ಕಿಲೋಮೀಟರಿಗೂ ಮಿಕ್ಕ ದೂರ, ಬಿಸಿಲಿಗೆ ಕರಗಿ ಕಿತ್ತುಬರುತ್ತಿದ್ದ ಟಾರು. ಕಾರನ್ನು ಮುಟ್ಟುವ ಅಧಿಕಾರ ಚಾಲಕನಿಗೂ ಅವನ ಪಕ್ಕದಲ್ಲಿ ಕೂತ ಮೆಕ್ಯಾನಿಕ್ಕಿಗೂ ಮಾತ್ರ ಎಂಬುದು ಅಲ್ಲಿಯ ನಿಯಮ. ಬಹುತೇಕ ಕಾರುಗಳವರು ಸುಟ್ಟುಹೋದ ಟೈರುಗಳನ್ನು ಚಾಕುಗಳಿಂದ ಕತ್ತರಿಸಿ ಕಿತ್ತು, ಹೊಸದನ್ನು ಲಿವರುಗಳಿಂದ ತೊಡಿಸಲು ಕಾಲು ಗಂಟೆ ಹೆಣಗಬೇಕಾಯಿತು. ರೆನೋ ಮತ್ತು ಫಿಯಟ್ ಕಾರುಗಳಿಗೆ ಮಿಶೆಲಿನ್ ಹೊಸದಾಗಿ ರೂಪಿಸಿದ್ದ ಕಳಚುವ ರಿಮ್ಮುಗಳಿದ್ದವು. ಎಂಟು ನಟ್ಟು ಬಿಚ್ಚಿ, ಟೈರಿನೊಡನೆ ರಿಮ್ಮನ್ನೇ ತೆಗೆದು, ಗಾಳಿ ತುಂಬಿದ ಇನ್ನೊಂದನ್ನು ಹಾಕಲು ನಾಲ್ಕು ನಿಮಿಷಕ್ಕಿಂತ ಕಡಿಮೆ ಸಾಕು. ಗೆದ್ದವನು ರೆನೋದ ಫೆರೆಂಕ್ ಸಿಸ್, ಹಂಗೆರಿಯಿಂದ ಬಂದು ರೆನೋದಲ್ಲಿ ಮೆಕ್ಯಾನಿಕ್ಕಾಗಿದ್ದವನು. ಎರಡನೆಯ ಸ್ಥಾನ ಫಿಯಟ್ಟಿಗೆ. ಇದಾದ ಎರಡು ಮೂರು ವರ್ಷಗಳಲ್ಲಿ ಪೂರ್ಣವಾಗಿ ಕಳಚಿ ಬದಲಿಸುವ ಗಾಲಿಗಳು ಇಂಗ್ಲೆಂಡಿನಲ್ಲಿ ತಯಾರಾಗತೊಡಗಿದವು.

ಮೂರು ವರ್ಷಗಳ ಬಳಿಕ ಅಮೆರಿಕದಲ್ಲಿ ನಡೆದ ಒಂದು ಪ್ರಯಾಣವನ್ನು ಇಲ್ಲಿ ನೆನೆಯಬೇಕು. 1909ರ ಜೂನ್ 9ರಂದು ನ್ಯೂಯಾರ್ಕಿನಿಂದ ಹೊರಟ 22 ವರ್ಷದ ಆಲಿಸ್ ರ್‍ಯಾಮ್ಸಿ ಎಂಬಾಕೆ, ಕಾರು ಓಡಿಸಲು ಬಾರದ ಮೂವರು ಮಹಿಳೆಯರನ್ನು ಜೊತೆಗೆ ಕೂರಿಸಿಕೊಂಡು, 59 ದಿನಗಳಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಮುಟ್ಟಿದಳು. ಅಮೆರಿಕ ಖಂಡವನ್ನು ಕಾರಿನಲ್ಲಿ ದಾಟಿದ ಮೊದಲ ಮಹಿಳೆ ಅವಳು. ಸುಮಾರು 3,800 ಮೈಲಿಗಳ ಆ ಹಾದಿಯಲ್ಲಿ ಬಹುಪಾಲು ಮಣ್ಣಿನದು. ಹನ್ನೊಂದು ಬಾರಿ ಅವಳು ತನ್ನ ಕೈಯಿಂದ ಟೈರು ಬದಲಾಯಿಸಿದಳು. ಮೋಟಾರು ಗಂಡಸರ ಯಂತ್ರವೆಂದು ಹೇಳುತ್ತಿದ್ದವರ ಮುಖ್ಯ ವಾದವೇ ದಾರಿಯಲ್ಲಿ ಕೆಟ್ಟರೆ ಹೆಣ್ಣು ಏನು ಮಾಡಿಯಾಳು ಎಂಬುದಾಗಿತ್ತು. ಆ ವಾದಕ್ಕೆ ಉತ್ತರವನ್ನು ಅವಳು ಲಿವರು ಮತ್ತು ಜಾಕಿಯಿಂದ ಕೊಟ್ಟಳು.

ನಮ್ಮ ದೇಶದಲ್ಲಿ ಈ ವಿದ್ಯೆ ಬೇರೆ ಕೈಗಳಿಗೆ ಸೇರಿತು. ಇಲ್ಲಿ ಕಾರಿದ್ದವನಿಗೆ ಚಾಲಕನಿದ್ದ. ಬಸ್ಸಿಗೂ ಲಾರಿಗೂ ಚಾಲಕನ ಜೊತೆಗೆ ‘ಕ್ಲೀನರ್’ ಎಂಬ ಹುಡುಗನಿದ್ದ. ಹೆಸರು ತೊಳೆಯುವವನದು, ಕೆಲಸ ಮಾತ್ರ ಜಾಕಿ ಏರಿಸುವುದು, ನಟ್ಟು ಬಿಚ್ಚುವುದು, ಟೈರು ಉರುಳಿಸುವುದು. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ 1914ರಲ್ಲಿಯೇ ಶುರುವಾದದ್ದು. ಅಂಥ ಬಸ್ಸುಗಳು ಕರಾವಳಿಯ ಕೆಮ್ಮಣ್ಣಿನ ದಾರಿಗಳಲ್ಲಿ, ಘಟ್ಟಗಳ ತಿರುವುಗಳಲ್ಲಿ ಓಡಿದ ಕಾಲದಲ್ಲಿ ಸಹಾಯಕ್ಕೆ ಕರೆಯಲು ಫೋನೂ ಇರಲಿಲ್ಲ, ಗ್ಯಾರೇಜೂ ಇರಲಿಲ್ಲ. ಬಸ್ಸಿನಲ್ಲಿ ಇದ್ದವರೇ ಇಳಿದು ಮಾಡಬೇಕಾದ ಕೆಲಸವದು. ಈ ಕೆಲಸ ಬಲ್ಲವರಿಗೆ ಪಾಠವಿರಲಿಲ್ಲ, ಪದವಿಯಿರಲಿಲ್ಲ. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಕೈ ಕೊಳೆಯಾಗುವ ಕೆಲಸವನ್ನು ಕೀಳೆಂದು ಕಾಣುವ ನಮ್ಮ ಸಮಾಜದ ಹಳೆಯ ಚಾಳಿ ಇಲ್ಲಿಯೂ ಕಾಣುತ್ತದೆ. ಅಮೆರಿಕದ ಆ ಯುವತಿಗೆ ಕೀರ್ತಿ ತಂದ ಕೆಲಸವೇ ನಮ್ಮಲ್ಲಿ ಆಳಿನ ಕೆಲಸವಾಯಿತು.

ಎರಡನೆಯ ಮಹಾಯುದ್ಧ ಈ ವಿದ್ಯೆಯ ಬೆಲೆಯನ್ನು ಏರಿಸಿತು. 1942ರ ಮೊದಲ ತಿಂಗಳುಗಳಲ್ಲಿ ಮಲಯ ಮತ್ತು ಡಚ್ಚರ ಪೂರ್ವದ್ವೀಪಗಳು ಜಪಾನಿನ ವಶವಾದಾಗ, ಜಗತ್ತಿಗೆ ರಬ್ಬರು ಒದಗಿಸುತ್ತಿದ್ದ ತೋಟಗಳ ಬಹುಭಾಗ ಮಿತ್ರರಾಷ್ಟ್ರಗಳ ಕೈತಪ್ಪಿತು. ಪಶ್ಚಿಮ ಬಂಗಾಳದ ಸಾಹಾಗಂಜಿನಲ್ಲಿ ಡನ್ಲಪ್ ಕಂಪನಿಯ ಕಾರ್ಖಾನೆ 1936ರಿಂದಲೇ ಟೈರು ತಯಾರಿಸುತ್ತಿತ್ತು. ಆದರೆ ಯುದ್ಧಕಾಲದಲ್ಲಿ ಸೇನೆಗೇ ಅಗ್ರಪಾಲು. ನಮ್ಮ ನಾಡಿನ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡಿದ ಕಾಲವದು. ಹೊಸ ಟೈರು ದುರ್ಲಭವಾದಾಗ ಹಳೆಯದಕ್ಕೆ ತೇಪೆ ಹಚ್ಚುವುದು, ಒಳಗೆ ಹಳೆಯ ಟೈರಿನ ತುಂಡು ಇಟ್ಟು ಸಾಗಿಸುವುದು, ಸವೆದ ಮೇಲ್ಮೈಗೆ ಹೊಸ ರಬ್ಬರು ಹೊದಿಸುವುದು ಬದುಕಿನ ಅಗತ್ಯವಾಯಿತು. ಸ್ವಾತಂತ್ರ್ಯಾನಂತರ ಟೈರಿನ ಕಾರ್ಖಾನೆಗಳು ಹೆಚ್ಚಿದವು. ಮದರಾಸಿನ ತಿರುವೊಟ್ಟಿಯೂರಿನಲ್ಲಿ 1946ರಲ್ಲಿ ಆಟಿಕೆ ಬಲೂನು ಮಾಡಲು ತೊಡಗಿದ ಕೆ. ಎಂ. ಮಾಮ್ಮೆನ್ ಮಾಪ್ಪಿಳ್ಳೈ ಅವರ ಎಂಆರ್‌ಎಫ್, ಇಟಲಿಯ ಮೂಲದಿಂದ ಬಂದು 1958ರಲ್ಲಿ ಮುಂಬೈಯಲ್ಲಿ ನೆಲೆಯೂರಿದ ಸಿಯಟ್, ನಮ್ಮ ಮೈಸೂರಿನ ವಿಕ್ರಾಂತ್ ಟೈರ್ಸ್ — ಇವೆಲ್ಲ ಆ ಕಾಲದ ಬೆಳೆ. ವಿಕ್ರಾಂತ್ 1997ರಲ್ಲಿ ಜೆಕೆ ಸಂಸ್ಥೆಯ ಪಾಲಾಯಿತು.

ಟೈರು ಬದಲಾಯಿಸುವ ವಿದ್ಯೆಯನ್ನು ಆಳಿನ ಕೈಯಿಂದ ಮಧ್ಯಮ ವರ್ಗದ ಮನೆಯ ಯಜಮಾನನ ಕೈಗೆ ತಂದದ್ದು ಸ್ಕೂಟರ್ ಎನ್ನಬೇಕು. 1946ರಲ್ಲಿ ಇಟಲಿಯಲ್ಲಿ ವೆಸ್ಪಾ ಸ್ಕೂಟರನ್ನು ರೂಪಿಸಿದ ಕೊರಾದಿನೋ ದಸ್ಕಾನಿಯೋ ವಿಮಾನಗಳ ಎಂಜಿನಿಯರ್. ಮೋಟಾರ್ ಸೈಕಲ್ಲಿನ ಬಗ್ಗೆ ಅವನಿಗಿದ್ದ ದೂರುಗಳಲ್ಲಿ ಟೈರು ಬದಲಿಸುವ ತೊಂದರೆಯೂ ಒಂದು. ವಿಮಾನದ ಗಾಲಿಯಂತೆ ಒಂದೇ ಬದಿಯಿಂದ ಹಿಡಿದ ಮುಂಗಾಲಿಯನ್ನು ಅವನು ಅಳವಡಿಸಿದ; ನಟ್ಟು ಬಿಚ್ಚಿದರೆ ಕಾರಿನ ಗಾಲಿಯಂತೆ ಅದು ಪಕ್ಕಕ್ಕೆ ಕಳಚಿ ಬರುತ್ತದೆ. ರಿಮ್ಮು ಎರಡು ಹೋಳುಗಳನ್ನು ನಟ್ಟಿನಿಂದ ಬಿಗಿದದ್ದು. ಗಾಳಿ ಪೂರ್ತಿ ತೆಗೆದು ಹೋಳುಗಳನ್ನು ಬೇರ್ಪಡಿಸಿದರೆ ಲಿವರಿಲ್ಲದೆಯೇ ಟೈರು ಹೊರಬರುತ್ತದೆ. ಪುಣೆಯ ಆಕುರ್ಡಿಯಲ್ಲಿ ಬಜಾಜ್ ಕಂಪನಿ 1960ರ ದಶಕದಲ್ಲಿ ಪರವಾನಗಿಯ ಮೇಲೆ ವೆಸ್ಪಾ ತಯಾರಿಸಿತು. ಪರವಾನಗಿ ಮುಗಿದ ಮೇಲೆ 1972ರಲ್ಲಿ ಚೇತಕ್ ಬಂತು. ಮುಂಬೈ ಪುಣೆಗಳಲ್ಲಿ ಬ್ಯಾಂಕು, ಕಾರ್ಖಾನೆ, ಸರಕಾರಿ ಕಚೇರಿಗಳಲ್ಲಿ ದುಡಿದ ನಮ್ಮ ಹಿಂದಿನ ತಲೆಮಾರಿನವರಲ್ಲಿ ಹಲವರು ವರ್ಷಗಟ್ಟಲೆ ಸರದಿ ಕಾದು ಪಡೆದ ಸ್ಕೂಟರುಗಳಿವು. ಮುಂದಿನ ಗಾಲಿಗೂ ಹಿಂದಿನದಕ್ಕೂ ಒಂದೇ ಅಳತೆ, ಜೊತೆಗೊಂದು ಸ್ಟೆಪ್ನಿ, ಪೆಟ್ಟಿಗೆಯಲ್ಲೊಂದು ಪಾನಾ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗುಮಾಸ್ತನೂ ದಾರಿಯ ಅಂಚಿನಲ್ಲಿ ಹತ್ತು ನಿಮಿಷದಲ್ಲಿ ಗಾಲಿ ಬದಲಿಸಿ, ಕರವಸ್ತ್ರದಲ್ಲಿ ಕೈ ಒರೆಸಿಕೊಂಡು ಕಚೇರಿಗೆ ಹೋಗಬಹುದಾಗಿತ್ತು.

ಕಾರಿನ ಗಾಲಿ ಬದಲಿಸುವ ಕ್ರಮವೂ ಇದೇ ಕಾಲದಲ್ಲಿ ಮನೆಮಾತಾಯಿತು. ಅದರ ಒಂದೊಂದು ಹೆಜ್ಜೆಗೂ ಕಾರಣವಿದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎದುರುಬದಿಯ ಗಾಲಿಗೆ ಕಲ್ಲು ಕೊಡಬೇಕು; ಎತ್ತಿದ ವಾಹನ ಜಾರುವುದೇ ಇಲ್ಲಿಯ ಮೊದಲ ಅಪಾಯ. ನಟ್ಟುಗಳನ್ನು ಜಾಕಿ ಏರಿಸುವ ಮುಂಚೆಯೇ ಸಡಿಲಿಸಬೇಕು. ನೆಲ ಗಾಲಿಯನ್ನು ತಿರುಗಗೊಡದೆ ಹಿಡಿದಿರುತ್ತದೆ. ತೊಡಿಸುವಾಗ ಒಂದರ ಪಕ್ಕದ್ದನ್ನಲ್ಲ, ಎದುರಿನದನ್ನು ಬಿಗಿಯುತ್ತಾ ಹೋಗಬೇಕು. ಆಗ ಗಾಲಿ ಓರೆಯಾಗದೆ ಕೂರುತ್ತದೆ. ಕೊನೆಯ ಬಿಗಿ ಗಾಲಿ ನೆಲ ಮುಟ್ಟಿದ ಮೇಲೆ. ಜಾಕಿಯ ಮೇಲಿರುವ ವಾಹನದ ಕೆಳಗೆ ಮೈಯೊಡ್ಡಬಾರದು. ಬಲ್ಲವರು ಬಿಚ್ಚಿದ ಗಾಲಿಯನ್ನೇ ಕಾರಿನ ಅಡಿಗೆ ಮಲಗಿಸುತ್ತಾರೆ. ಇದಕ್ಕೆ ಬೇಕಾದ ಬಲವೂ ಅಸಾಧ್ಯವಾದುದಲ್ಲ. ಸಣ್ಣ ಕಾರಿನ ನಟ್ಟಿಗೆ ಸುಮಾರು 100 ನ್ಯೂಟನ್-ಮೀಟರ್ ಬಿಗಿ ಎಂದಿಟ್ಟುಕೊಂಡರೆ, 25 ಸೆಂಟಿಮೀಟರಿನ ಪಾನಾದ ತುದಿಯಲ್ಲಿ 40 ಕಿಲೋ ಭಾರ ಬೇಕು. ಒಂದು ಪೈಪು ತೊಡಿಸಿ ಹಿಡಿಯನ್ನು ಇಮ್ಮಡಿ ಉದ್ದ ಮಾಡಿದರೆ 20 ಕಿಲೋ ಸಾಕು. ತೋಳಿನ ಬಲ ಸಾಲದವರು ಮೈಭಾರ ಬಳಸಬಹುದು.

ಲಾರಿಯ ಗಾಲಿಯ ಕತೆ ಇದಕ್ಕಿಂತ ಗಂಭೀರ. ಭಾರಿ ಟೈರನ್ನು ವೆಲ್ಚನ ತಗ್ಗಿನಲ್ಲಿ ಮೀಟಿ ತೆಗೆಯಲಾಗದು. ಅದಕ್ಕೆಂದು ರಿಮ್ಮಿನ ಒಂದು ಅಂಚನ್ನೇ ಬಿಡಿ ಬಳೆಯಾಗಿ ಮಾಡಿ, ಇನ್ನೊಂದು ‘ಲಾಕ್ ರಿಂಗ್’ನಿಂದ ಅದನ್ನು ಹಿಡಿಸಿದರು. ಚಮ್ಮಟಿಗೆ ಮತ್ತು ಎರಡು ಲಿವರುಗಳಿಂದ ಹೆದ್ದಾರಿಯ ಬದಿಯಲ್ಲಿಯೇ ಇದನ್ನು ಬಿಚ್ಚಬಹುದೆಂಬುದು ಇದರ ಗುಣ. ರಿಂಗು ಸರಿಯಾಗಿ ಕೂರದಿದ್ದರೆ ಗಾಳಿ ತುಂಬುವಾಗ ಅದು ಸಿಡಿದು ಎದುರಿದ್ದವನ ಜೀವ ತೆಗೆಯುತ್ತದೆಂಬುದು ಇದರ ದೋಷ. ಅಮೆರಿಕದಲ್ಲಿ 1980ರಲ್ಲಿ ಇಂಥ ಗಾಲಿಗಳಿಗೆ ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬಬೇಕೆಂಬ ನಿಯಮ ಬಂತು. ನಮ್ಮ ಹೆದ್ದಾರಿಗಳಲ್ಲಿ ಪಂಜರದ ಬದಲಿಗೆ ಸರಪಳಿಯನ್ನೋ ಕಬ್ಬಿಣದ ಸಲಾಕೆಯನ್ನೋ ತೂರಿಸಿ, ರಿಂಗಿನ ಮುಖವನ್ನು ನೆಲಕ್ಕೆ ಮಾಡಿ ಗಾಳಿ ಹೊಡೆಯುವುದುಂಟು. ಸ್ವಾವಲಂಬನೆಯ ಚರಿತ್ರೆಯೆಂದು ಇದನ್ನು ಹೊಗಳುವಾಗ ಅದಕ್ಕೆ ತೆತ್ತ ಬೆಲೆಯನ್ನೂ ನೆನೆಯುವುದು ನ್ಯಾಯ. ಯಾವ ಕೆಲಸವನ್ನು ತಾನು ಮಾಡಬಾರದೆಂದು ತಿಳಿಯುವುದೂ ಈ ವಿದ್ಯೆಯ ಒಂದು ಭಾಗವೇ.

ಈ ವಿದ್ಯೆ ಕೈಜಾರತೊಡಗಿದ್ದು ಟ್ಯೂಬಿಲ್ಲದ ಟೈರಿನಿಂದ. ಅಮೆರಿಕದಲ್ಲಿ 1950ರ ದಶಕದ ನಡುವೆ ಹೊಸ ಕಾರುಗಳಲ್ಲಿ ಅದು ಸಾಮಾನ್ಯವಾಯಿತು; ನಮ್ಮಲ್ಲಿಗೆ ಬರಲು ಇನ್ನೂ ಹಲವು ದಶಕಗಳು ಹಿಡಿದವು. ಗಾಳಿ ನಿಲ್ಲಬೇಕಾದರೆ ಇಲ್ಲಿ ಟೈರಿನ ಅಂಚು ರಿಮ್ಮಿಗೆ ಬಿಗಿಯಾಗಿ ಕಚ್ಚಿಕೊಂಡಿರಬೇಕು. ಆ ಹಿಡಿತವನ್ನು ಕೈಲಿವರಿನಿಂದ ಬಿಡಿಸುವುದು ಕಷ್ಟ. ಮತ್ತೆ ಕೂರಿಸಲು ಒಮ್ಮೆಲೆ ರಭಸದ ಗಾಳಿ ಬೇಕು, ಕೈಪಂಪು ಸಾಲದು. ಒಳ್ಳೆಯ ಪಕ್ಕವೂ ಇದೆ. ಮೊಳೆ ಚುಚ್ಚಿದರೆ ಗಾಳಿ ಒಮ್ಮೆಲೆ ಹೋಗುವುದಿಲ್ಲ. ಹಿಡಿಯುಳ್ಳ ಸೂಜಿಯಿಂದ ರಬ್ಬರಿನ ಬತ್ತಿಯೊಂದನ್ನು ಹೊರಗಿನಿಂದಲೇ ತೂರಿಸಿದರೆ ತೂತು ಮುಚ್ಚುತ್ತದೆ. ತೂತು ಮುಚ್ಚುವ ಕೆಲಸ ಸುಲಭವಾಯಿತು, ಟೈರು ಬಿಚ್ಚುವ ಕೆಲಸ ಯಂತ್ರದ ಪಾಲಾಯಿತು. ಇದರ ಜೊತೆಗೆ ಅಂಗಡಿಗಳಿಗೆ ಗಾಳಿಯ ಒತ್ತಡದಿಂದ ನಟ್ಟು ಬಿಗಿಯುವ ಗನ್ನು ಬಂತು. ಅಳತೆಯಿಲ್ಲದೆ ಅದರಿಂದ ಬಿಗಿದ ನಟ್ಟನ್ನು ಡಿಕ್ಕಿಯಲ್ಲಿ ಕೊಟ್ಟಿರುವ ಗಿಡ್ಡ ಪಾನಾ ಅಲುಗಿಸಲಾರದು. ಸ್ಟೆಪ್ನಿ ಇದೆ, ಜಾಕಿ ಇದೆ, ಮನಸ್ಸೂ ಇದೆ. ಆದರೆ ಹಿಂದಿನ ತಿಂಗಳು ಯಂತ್ರ ಬಿಗಿದದ್ದನ್ನು ಕೈ ಬಿಚ್ಚಲಾಗದು.

2020ರ ಜುಲೈಯಲ್ಲಿ ಕೇಂದ್ರ ಸರಕಾರವು ಮೋಟಾರು ವಾಹನಗಳ ನಿಯಮಗಳಿಗೆ ತಿದ್ದುಪಡಿ ತಂದಿತು. ಟ್ಯೂಬಿಲ್ಲದ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ರಿಪೇರಿಯ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂಬುದು ಅದರ ಸಾರ. ಬ್ಯಾಟರಿಯ ಕಾರುಗಳಲ್ಲಿ ಜಾಗದ ಉಳಿತಾಯಕ್ಕೆ ಇದು ನೆರವಾಗುತ್ತದೆ, ವಾಹನದ ತೂಕವೂ ತಗ್ಗುತ್ತದೆ. ನಗರದೊಳಗೆ ಓಡಾಡುವವರಿಗೆ ಇದರಿಂದ ನಷ್ಟವಿಲ್ಲ. ಫೋನು ಮಾಡಿದರೆ ಸಹಾಯ ಬರುತ್ತದೆ. ಆದರೆ ಕಿಟ್ಟು ಮುಚ್ಚುವುದು ಮೊಳೆಯ ತೂತನ್ನು ಮಾತ್ರ. ಗುಂಡಿಗೆ ಬಿದ್ದು ಪಕ್ಕ ಸೀಳಿದ ಟೈರಿಗೆ ಬತ್ತಿಯೂ ನಾಟದು, ಅಂಟೂ ಹಿಡಿಯದು. ಆಗ ಬೇಕಾದದ್ದು ಇನ್ನೊಂದು ಗಾಲಿಯೇ.

ಹಬ್ಬಕ್ಕೂ ಮದುವೆಗೂ ಮುಂಬೈಯಿಂದ ಪುಣೆ, ಕೊಲ್ಲಾಪುರ, ಬೆಳಗಾವಿ ಹಾದು ಹುಬ್ಬಳ್ಳಿಯತ್ತ, ಇಲ್ಲವೆ ಚೆನ್ನೈ ಹೈದರಾಬಾದುಗಳಿಂದ ತಮ್ಮ ಊರಿನತ್ತ ಕಾರು ಓಡಿಸುವ ನಮಗೆ ಈ ಲೆಕ್ಕ ದೂರದ್ದಲ್ಲ. ಹೆದ್ದಾರಿ ಬಿಟ್ಟು ಹಳ್ಳಿಯ ದಾರಿಗೆ ತಿರುಗಿದ ಮೇಲಿನ ಮೂವತ್ತು ನಲವತ್ತು ಕಿಲೋಮೀಟರುಗಳಲ್ಲಿ, ರಾತ್ರಿ ಹತ್ತರ ಮೇಲೆ, ಸಹಾಯವಾಣಿಗಿಂತ ಪಾನಾವೇ ಹೆಚ್ಚು ನಂಬಿಕೆಯದು. ನಮ್ಮ ಕಾರಿನಲ್ಲಿ ಸ್ಟೆಪ್ನಿ ಇದೆಯೇ, ಇದ್ದರೆ ಅದರಲ್ಲಿ ಗಾಳಿಯಿದೆಯೇ, ಜಾಕಿ ಎಲ್ಲಿಡಬೇಕೆಂದು ಮನೆಯ ಹೆಣ್ಣುಗಂಡು ಮಕ್ಕಳಿಗೆಲ್ಲ ತಿಳಿದಿದೆಯೇ, ನಟ್ಟುಗಳು ಕೈಗೆ ಬಗ್ಗುತ್ತವೆಯೇ ಎಂದು ಹೊರಡುವ ಮುಂಚಿನ ಭಾನುವಾರ ಒಮ್ಮೆ ಬಿಚ್ಚಿ ನೋಡುವುದು ಮೇಲು. ಟೈರು ಅಂಗಡಿಯಲ್ಲಿ ನಟ್ಟುಗಳ ಕೊನೆಯ ಬಿಗಿಯನ್ನು ಕೈಪಾನಾದಿಂದಲೇ ಮಾಡಿರೆಂದು ಕೇಳುವುದಕ್ಕೆ ಸಂಕೋಚ ಬೇಕಿಲ್ಲ.

ಗಾಳಿ ತುಂಬಿದ ಗಾಲಿ ಜಗತ್ತಿಗೆ ಒಗ್ಗಿದ್ದೇ ಅದನ್ನು ಸಾಮಾನ್ಯರು ಬಿಚ್ಚಬಲ್ಲವರಾದ ಮೇಲೆ. ಮೂರು ಗಂಟೆಯ ಕೆಲಸ ಹದಿನೈದು ನಿಮಿಷಕ್ಕೆ, ಆಮೇಲೆ ನಾಲ್ಕು ನಿಮಿಷಕ್ಕೆ ಇಳಿದದ್ದು ಈ ಚರಿತ್ರೆಯ ಮೊದಲರ್ಧ. ಕೆಲಸ ಅಂಗಡಿಗೆ ಮರಳಿ, ಗಾಲಿಯೇ ಡಿಕ್ಕಿಯಿಂದ ಮಾಯವಾಗುತ್ತಿರುವುದು ಎರಡನೆಯರ್ಧ. ವೇಲ್ಸಿನ ಆ ಬೀದಿಯ ಹೆಸರನ್ನು ನಮ್ಮ ಭಾಷೆಗಳು ಇಷ್ಟು ಕಾಲ ಕಾಪಾಡಿದ್ದು ವಸ್ತು ಜೊತೆಗಿದ್ದ ಕಾರಣಕ್ಕೆ. ವಸ್ತುವಿಲ್ಲದ ಕಾರುಗಳಲ್ಲಿ ಬೆಳೆಯುವ ಮಕ್ಕಳಿಗೆ ‘ಸ್ಟೆಪ್ನಿ’ ಎಂದರೇನೆಂದು ವಿವರಿಸಬೇಕಾದ ದಿನ ಬಂದರೆ, ಹೇಳಬೇಕಾದದ್ದು ಪದದ ಅರ್ಥವನ್ನಷ್ಟೇ ಅಲ್ಲ. ಜಾಕಿ ಏರಿಸಿ ನಟ್ಟು ಬಿಚ್ಚುವ ಬಗೆಯನ್ನೂ ಜೊತೆಗೇ ಕಲಿಸಿಕೊಡುವುದು ನಮ್ಮ ತಲೆಮಾರಿನ ಹೊಣೆ.